ಮೊಗ್ಗು ಹಿಡಿದ ಬೆರಳು

ಹೆಬಳೆಯ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಯಿತೆಂದರೆ ನನ್ನ ಹೆಂಡತಿ ಯಾರ ಮಾತಿಗೂ ಸಿಗುತ್ತಿರಲಿಲ್ಲ. ಅಂಗಳದ ಮಲ್ಲಿಗೆ ಮೊಗ್ಗು ಅರಳುವ ಮೊದಲೇ ಮಾಲೆಯಾಗಿ ಭಟ್ಕಳದ ಪೇಟೆ ಸೇರಬೇಕು. ನೆನೆಸಿದ ಬಾಳೆನಾರು ಹಿಡಿದು ಜಗಲಿಯಲ್ಲಿ ಕೂತಳೆಂದರೆ ಬಾಗಿಲಿಗೆ ಬಂದ ನೆಂಟರೂ ಕಾಯಬೇಕಿತ್ತು. ನಾರು ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲಾದರೆ ಹೂ ಜಾರುತ್ತದೆ. ಅವಳು ಕಟ್ಟಿದ ಮಾಲೆಯನ್ನು ಕೊಡವಿದರೂ ಒಂದು ಮೊಗ್ಗು ಉದುರುತ್ತಿರಲಿಲ್ಲ. ಅದೊಂದು ವಿಷಯದಲ್ಲಿ ಅವಳಿಗೆ ಜಂಬವೂ ಇತ್ತು.

ಒಂದು ದಿನ ಅನ್ನ ಬಸಿಯುವಾಗ ಪಾತ್ರೆ ಜಾರಿ, ಕುದಿಯುವ ಗಂಜಿ ಅವಳ ಬಲ ಅಂಗೈ, ಬೆರಳುಗಳ ಮೇಲೆಲ್ಲ ಹರಿಯಿತು. ಊರಿಗೆ ಊರೇ ಬಂತು. ಒಬ್ಬರು ಟೂತ್‌ಪೇಸ್ಟ್ ಹಚ್ಚಿ ಎಂದರು, ಇನ್ನೊಬ್ಬರು ಜೇನುತುಪ್ಪ ಎಂದರು. ಸಲಹೆ ಕೊಡಲು ಬಂದವರಿಗೆ ಚಹಾ ಮಾಡಿಕೊಟ್ಟೇ ನನಗೆ ಸಾಕಾಯಿತು.

ಗಾಯವೇನೋ ಮುಚ್ಚಿತು. ನಾವು ಗೆದ್ದೆವೆಂದುಕೊಂಡೆವು. ಹೊನ್ನಾವರದ ಡಾಕ್ಟರರು ಮಾತ್ರ ಮುಖ ಸಡಿಲಿಸಲಿಲ್ಲ. ಕಲೆಯ ಚರ್ಮ ಇನ್ನು ಕುಗ್ಗುತ್ತ ಹೋಗುತ್ತದೆ, ಬೆರಳುಗಳನ್ನು ಬಿಡಿಸಿ ಈ ಪ್ಲಾಸ್ಟಿಕ್ ಪಟ್ಟಿಗೆ ಕಟ್ಟಿಡದಿದ್ದರೆ ಮಡಚಿದಲ್ಲೇ ನಿಂತುಬಿಡುತ್ತವೆ ಎಂದರು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ಇಷ್ಟು ವರ್ಷ ಜೀವಕೋಶವೆಂದರೆ ಬೋರ್ಡಿನ ಮೇಲೊಂದು ದುಂಡು ಚಿತ್ರ ಬರೆದು ಮುಗಿಸಿದ್ದೆ. ಈಗ ಹುಡುಕಿ ಹುಡುಕಿ ಓದಿದೆ. ಜೀವಕೋಶ ಸುಮ್ಮನೆ ಕೂತಿರುವುದಿಲ್ಲ. ತನ್ನ ಮೈಮೇಲಿನ ಪುಟ್ಟ ಪುಟ್ಟ ಹಿಡಿತಗಳಿಂದ ಸುತ್ತಲಿನ ನಾರನ್ನು ಕಚ್ಚಿ ಹಿಡಿದು ಎಳೆಯುತ್ತದೆ. ಎಳೆದು ನೋಡಿಯೇ ಅದಕ್ಕೆ ಹೊರಗಿನದು ತಿಳಿಯುವುದು, ನನ್ನ ಹೆಂಡತಿಗೆ ಬಾಳೆನಾರಿನ ಬಿಗಿ ತಿಳಿದ ಹಾಗೆ. ಮೆತ್ತಗಿದ್ದರೆ ಹಿಡಿತ ಸಡಿಲ. ಗಟ್ಟಿಯಿದ್ದರೆ ಹಿಡಿತ ಬಲಿಯುತ್ತದೆ, ಇನ್ನೂ ಎಳೆ ಎಂಬ ಸುದ್ದಿ ಒಳಗಿನ ಕೇಂದ್ರದವರೆಗೂ ಹೋಗುತ್ತದೆ. ಗಾಯದ ಅಂಚುಗಳು ಹತ್ತಿರ ಬರುವುದು ಈ ಎಳೆತದಿಂದಲೇ. ಆದರೆ ಎಳೆದಷ್ಟೂ ಕಲೆ ಗಟ್ಟಿ, ಕಲೆ ಗಟ್ಟಿಯಾದಷ್ಟೂ ಎಳೆತ ಜೋರು. ಗಾಯ ಮುಚ್ಚಿಯಾಯಿತು, ಇನ್ನು ಸಾಕು ಎಂದು ಆ ಕೋಶಗಳಿಗೆ ಹೇಳುವವರಿಲ್ಲ. ಗಾಯ ಮುಚ್ಚಿದ ಎಳೆತವೇ ಅವಳ ಕೈಯನ್ನು ತಿನ್ನುತ್ತಿದೆಯಲ್ಲ ಎಂದು ನನಗೆ ಬಹಳ ದುಃಖವಾಯಿತು.

ದಿನಾ ಬೆಳಿಗ್ಗೆ ನಾನೇ ಪಟ್ಟಿ ಕಟ್ಟಿ ಕಾಲೇಜಿಗೆ ಹೋಗುತ್ತಿದ್ದೆ. ಸಂಜೆ ಬಂದಾಗಲೂ ಕಟ್ಟಿದ್ದು ಕಟ್ಟಿದ ಹಾಗೇ ಇರುತ್ತಿತ್ತು. ಬೆರಳು ಮಾತ್ರ ಮಡಚುತ್ತಲೇ ಬಂತು. ಪಟ್ಟಿ ಸರಿಯಾಗಿ ಕಟ್ಟುತ್ತೀರಾ ಎಂದು ಡಾಕ್ಟರರು ಕೇಳಿದ್ದಕ್ಕೆ ನನಗೆ ಸಿಟ್ಟು ಬಂದು ಅವರೊಂದಿಗೆ ಸಣ್ಣದೊಂದು ಜಗಳವನ್ನೂ ಮಾಡಿದೆ.

ಒಂದು ಶನಿವಾರ ಬೇಗ ಮನೆಗೆ ಬಂದೆ. ಪಟ್ಟಿ ಜಗಲಿಯ ಮೂಲೆಯಲ್ಲಿ ಬಿದ್ದಿತ್ತು. ಅವಳು ಹೆಬ್ಬೆರಳಿಗೆ ಎರಡು ಬೆರಳು ಒತ್ತಿ, ಮೊಗ್ಗು ಹಿಡಿಯುವ ಹಾಗೆ ಮಾಡಿ, ಮೇಲಿಂದ ಬಟ್ಟೆ ಸುತ್ತಿ ಕೂತಿದ್ದಳು. ದಿನಾ ನಾನು ಬರುವ ಹೊತ್ತಿಗೆ ಮತ್ತೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳೆಂದು ಆಗ ಹೊಳೆಯಿತು. ನನ್ನ ತಲೆ ಕೆಟ್ಟುಹೋಯಿತು. ಬಾಯಿಗೆ ಬಂದದ್ದೆಲ್ಲ ಬೈದೆ. ಅವಳು ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: “ಬೆರಳು ನಿಂತುಬಿಡ್ತದೆ ಅಂದ್ರಲ್ಲ ಡಾಕ್ಟ್ರು. ನಿಲ್ಲೂದೇ ಆದ್ರೆ ಹೂ ಕಟ್ಟು ಹಾಂಗೇ ನಿಲ್ಲಲಿ.”

ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಕುಮಟಾದಲ್ಲಿ ಇನ್ನೊಬ್ಬ ಡಾಕ್ಟರರಿಗೆ ತೋರಿಸಿದೆವು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನೂ ಆಯಿತು. ಸ್ವಲ್ಪ ಬಿಡಿಸಿಕೊಂಡ ಬೆರಳು ಮತ್ತೆ ಹಳೆಯ ಜಾಗಕ್ಕೇ ಹೋಯಿತು. ಕೊನೆಗೆ ಅವಳು ಬಯಸಿದ ಆಕಾರದಲ್ಲೇ ನಿಂತಿತು.

ಅದಾದ ಮೇಲೆ ಒಂದು ಮಧ್ಯಾಹ್ನ ಅವಳೇ ನಾರು ನೆನೆಸಿ, ನನ್ನನ್ನು ಜಗಲಿಗೆ ಕರೆದಳು. ಮೊಗ್ಗೊಂದನ್ನು ನಾನು ಆ ಬೆರಳುಗಳ ಸಂದಿಗೆ ಸಿಕ್ಕಿಸಿದೆ. ಎಡಗೈಯಿಂದ ನಾರು ಸುತ್ತಿ ಎಳೆದಳು. ಗಂಟು ಕೂತಿತು. ಅವಳ ಮುಖ ಅರಳಿತು. ಎರಡನೆಯ ಮೊಗ್ಗಿಗೆ ಬೆರಳು ತೆರೆಯಬೇಕಲ್ಲ, ತೆರೆಯಲಿಲ್ಲ.

“ಹಿಡಿಯುಕೆ ಬತ್ತದೆ, ಬಿಡುಕೆ ಬರುದಿಲ್ಲ. ಆತು, ತೆಗೀರಿ ಅದನ್ನ” ಎಂದು ಕೈಯನ್ನು ನನ್ನ ಮುಂದೆ ಚಾಚಿದಳು.

ನಾನು ಮೆಲ್ಲಗೆ ಎಳೆದೆ. ಹೂ ನನ್ನ ಕೈಗೆ ಬಂತು. ತೊಟ್ಟು ಅವಳ ಬೆರಳ ಸಂದಿಯಲ್ಲೇ ಉಳಿಯಿತು.