ಎಂಬತ್ತು ಲೋಟ

ದಿನಕ್ಕೆ ಎಂಬತ್ತು ಲೋಟ. ಎಷ್ಟು ಸಲ ಭಾಗಿಸಿದರೂ ಧೃತಿಗೆ ಅದೇ ಉತ್ತರ.

೨೦೦೪ರ ಜೂನ್ ಅದು. ಜಯನಗರದ ಮನೆಯ ಅಡುಗೆಮನೆಯಲ್ಲಿ, ಕ್ಯಾಲೆಂಡರಿನ ಅಂಚಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಪಕ್ಕ ಅವಳು ಎರಡು ಸಂಖ್ಯೆ ಗೀಚಿಕೊಂಡಿದ್ದಳು. ಒಂದು, ವಾರಪತ್ರಿಕೆಯ ಆರೋಗ್ಯ ಪುಟದಿಂದ: ಐವತ್ತರೊಳಗಿನ ಆರೋಗ್ಯವಂತರಿಗೆ ಆಹಾರದಿಂದ ದಿನಕ್ಕೆ ಬೇಕಾದ ವಿಟಮಿನ್ ಡಿ, ಆಗಿನ ಲೆಕ್ಕದಂತೆ, ೨೦೦. ಇನ್ನೊಂದು, ಹಾಲಿಗೆ ಬೆರೆಸುವ ಮಾಲ್ಟ್ ಪುಡಿಯ ಡಬ್ಬದಿಂದ: ಲೋಟಕ್ಕೆ ೨.೫.

ಕಡಿಮೆಯಾದರೆ ಮೂಳೆ ಮೆತ್ತಗಾಗುತ್ತದೆ ಎಂದು ಪತ್ರಿಕೆ ಹೇಳಿತ್ತು. ಮಗಳು ಹುಟ್ಟಿ ಹತ್ತು ತಿಂಗಳು. ಬೆಳಿಗ್ಗೆ ಕಾಲು ನೆಲಕ್ಕೂರಿದರೆ ಹಿಮ್ಮಡಿ ಚುಳ್ ಎನ್ನುತ್ತಿತ್ತು. "ನಿಮಗೇನೂ ಆಗಿಲ್ಲಮ್ಮ, ಗಟ್ಟಿಮುಟ್ಟಾಗಿದೀರಿ. ಒಂದು ಒಳ್ಳೆ ಚಪ್ಪಲಿ ತಗೊಳ್ಳಿ" ಎಂದು ಡಾಕ್ಟರು ಕಳಿಸಿಕೊಟ್ಟಿದ್ದರು. ಡಾಕ್ಟರು ತಪ್ಪಬಹುದು, ಭಾಗಾಕಾರ ತಪ್ಪುತ್ತದೆಯೇ?

ಭಾಗಾಕಾರವೇ ಅವಳ ಜೀವನವಾಗಿತ್ತು. ಬನಶಂಕರಿಯ ಹೈಸ್ಕೂಲೊಂದರಲ್ಲಿ ಆರು ವರ್ಷ ಗಣಿತ ಹೇಳಿಕೊಟ್ಟವಳು. ಮಕ್ಕಳು ಇಟ್ಟ ಹೆಸರು 'ಅರ್ಧ ಮಾರ್ಕ್ಸ್ ಮಿಸ್'. ಉತ್ತರ ಸರಿಯಿದ್ದರೂ ಮುಂದೆ ಲೀಟರೋ ಮೀಟರೋ ಬರೆಯದಿದ್ದರೆ ಕೆಂಪು ಶಾಯಿ ಬೀಳುತ್ತಿತ್ತು. "ಮುನ್ನೂರು ಏನೋ? ಮುನ್ನೂರು ಮಾವಿನಹಣ್ಣಾ?" ಎಂದರೆ ಇಡೀ ಕ್ಲಾಸು ಗೊಳ್ಳೆನ್ನುತ್ತಿತ್ತು.

ಹೆರಿಗೆಗೆಂದು ಬಿಟ್ಟುಬಂದಿದ್ದ ಆ ಕೆಲಸ ಶನಿವಾರದವರೆಗೆ ಮಾತ್ರ ಅವಳಿಗಾಗಿ ಕಾಯಲಿತ್ತು. ಹೆಡ್‌ಮಿಸ್ ವಾರಿಜಾ ಮೇಡಂ ಮೂರು ಸಲ ಫೋನ್ ಮಾಡಿದ್ದರು, ಮೂರು ಸಲವೂ ಇವಳು "ನಾಳೆ ಹೇಳ್ತೀನಿ ಮೇಡಂ" ಎಂದಿದ್ದಳು. ದಿನಕ್ಕೆ ಆರು ಪೀರಿಯಡ್ ನಿಂತೇ ಪಾಠ ಮಾಡಬೇಕು. ಮೆತ್ತಗಿನ ಮೂಳೆಯವಳು ಬೋರ್ಡಿನ ಮುಂದೆ ಕುಸಿದುಬಿದ್ದರೆ? ಇವತ್ತು ಶುಕ್ರವಾರ.

"ಅತ್ತೆ, ಹಾಲು ಎಷ್ಟು ಕುಡಿದ್ರೂ ಸಾಲಲ್ಲ. ಎಂಬತ್ತು ಲೋಟ ಬೇಕು."

ಸರಸ್ವತಿ ಬೀನ್ಸ್ ನಾರು ತೆಗೆಯುವುದನ್ನು ನಿಲ್ಲಿಸಿದರು. "ಎಂಬತ್ತಾ? ಅದೇನು ಹೊಟ್ಟೆನೋ ಸಂಪೋ? ಟ್ಯಾಂಕರ್‌ನೋರಿಗೆ ಹೇಳ್ಲಾ?"

"ತಮಾಷೆ ಅಲ್ಲ ಅತ್ತೆ. ಲೆಕ್ಕ ಹಾಕಿದೀನಿ."

"ನಾನು ಎರಡು ಲೋಟ ಕೊಟ್ರೇ ಮುಖ ಹಿಂಡ್ಕೊಂಡು ಕುಡೀತೀಯ. ನಿನ್ನ ಲೆಕ್ಕ ಆಮೇಲಿರ್ಲಿ, ಮಗೂಗೆ ಡ್ರಾಪ್ಸ್ ಹಾಕಿದ್ಯಾ?"

ಹಾಕಿರಲಿಲ್ಲ. ಧೃತಿ ಮಗುವನ್ನು ಎತ್ತಿಕೊಂಡು ಬಾಟಲಿ ತೆಗೆದಳು. ಹತ್ತು ತಿಂಗಳಿಂದ ದಿನಾ ಓದಿ, ಓದಿದ್ದನ್ನು ನಂಬದೆ ಮತ್ತೆ ಓದಿ ಹಾಕುವುದು ಅವಳ ಪದ್ಧತಿ. ವಿಟಮಿನ್ ಡಿ, ನಾನೂರು ಯೂನಿಟ್. ಅದರ ಮುಂದೆಯೇ ಸಣ್ಣಕ್ಷರದಲ್ಲಿ: ಅಂದರೆ ಹತ್ತು ಮೈಕ್ರೋಗ್ರಾಂ.

ಒಂದೇ ಹನಿಗೆ ಎರಡು ಸಂಖ್ಯೆ. ಅವಳ ಕಣ್ಣು ಕ್ಯಾಲೆಂಡರಿನತ್ತ ಹೊರಳಿತು. ೨೦೦. ೨.೫.

ಇನ್ನೂರು ಏನು? ಮಾವಿನಹಣ್ಣಾ?

ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಡಬ್ಬ ತಿರುಗಿಸಿದಳು: ಮೈಕ್ರೋಗ್ರಾಂ. ಹಳೇ ಪೇಪರಿನ ರಾಶಿ ಕೆದಕಿ ಪತ್ರಿಕೆ ಎಳೆದಳು: ಯೂನಿಟ್. ಹತ್ತು ಮೈಕ್ರೋಗ್ರಾಮಿಗೆ ನಾನೂರು ಯೂನಿಟ್ ಆದರೆ ಒಂದಕ್ಕೆ ನಲವತ್ತು, ಎರಡೂವರೆಗೆ ನೂರು. ಲೋಟಕ್ಕೆ ನೂರು ಯೂನಿಟ್! ಎಂಬತ್ತಲ್ಲ, ಎರಡು. ಬಾಣಂತನದಿಂದ ಇಂದಿನವರೆಗೆ ಅತ್ತೆ ಬೆಳಿಗ್ಗೆಯೊಂದು, ರಾತ್ರಿಯೊಂದು ಬಲವಂತವಾಗಿ ಕುಡಿಸಿದ್ದ ಅದೇ ಎರಡು ಲೋಟ.

"ಅತ್ತೆ! ನೀವು ಪಾಸು, ನಾನು ಫೇಲು!"

"ಏನಾಯ್ತೇ ನಿಂಗೆ?"

"ಏನೂ ಆಗಿಲ್ಲ ಅತ್ತೆ. ಏನೂ ಆಗಿರ್ಲೇ ಇಲ್ಲ!"

ಹತ್ತು ತಿಂಗಳಿಂದ ಮುಟ್ಟದಿದ್ದ ಕೆಂಪು ಪೆನ್ನು ಹುಡುಕಿ, ಕ್ಯಾಲೆಂಡರಿನ ಎರಡು ಸಂಖ್ಯೆಗಳನ್ನೂ ಸುತ್ತಿ, ತನಗೆ ತಾನೇ ಅರ್ಧರ್ಧ ಅಂಕ ಕಳೆದುಕೊಂಡಳು. ಪೆನ್ನು ಕೈಯಲ್ಲಿ ಹಿಡಿದಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಫೋನಿದ್ದ ಹಾಲ್‌ಗೆ ನಡೆದಳು. ಹಿಮ್ಮಡಿ ಇನ್ನೂ ಚುಳ್ ಎಂದಿತು. ಅನ್ನಲಿ, ಚಪ್ಪಲಿ ತಂದರಾಯಿತು.

ನಂಬರು ಬಾಯಿಪಾಠವಿತ್ತು. ಎರಡನೇ ರಿಂಗಿಗೇ ಆ ಕಡೆ ಎತ್ತಿದರು.

"ಮೇಡಂ, ನಾನು ಧೃತಿ. ಒಂಬತ್ತನೇ ಕ್ಲಾಸ್ ಯಾರಿಗೂ ಕೊಡ್ಬೇಡಿ. ಸೋಮವಾರ ಬರ್ತಿದೀನಿ."

"ಅಬ್ಬ, ಅಂತೂ! ಎಷ್ಟು ತಗೊಳ್ತೀರಾ ಹೇಳಿ, ಟೈಮ್‌ಟೇಬಲ್ ಮುಂದೇನೇ ಕೂತಿದೀನಿ."

"ಆರು" ಎಂದಳು ಧೃತಿ. ತಕ್ಷಣ ನಾಲಿಗೆ ಕಚ್ಚಿಕೊಂಡು ಸೇರಿಸಿದಳು, "ದಿನಕ್ಕೆ ಆರು ಪೀರಿಯಡ್, ಮೇಡಂ."