ಹದಿನಾಲ್ಕು ವರ್ಷ ತಡವಾಗಿ ಮುಂಡರಗಿಗೆ

ಹೊಸಪೇಟೆಯಿಂದ ಹೊರಟ ಪ್ಯಾಸೆಂಜರ್ ರೈಲು ಗದಗ ಜಂಕ್ಷನ್ ಮುಟ್ಟಿದಾಗ ಬೆಳಗಿನ ಒಂಬತ್ತೂವರೆ. ಜನವರಿ ತಿಂಗಳು, ಬಿಸಿಲು ಬಿದ್ದಿದ್ದರೂ ಗಾಳಿ ತಣ್ಣಗಿತ್ತು. ಎರಡು ದಿನ ರಜೆ ಹಾಕಿ ಬಂದಿದ್ದೆ. ಹಳೆಯ ಗೆಳೆಯರನ್ನು ನೋಡಿ ಬರುತ್ತೇನೆಂದು ಹೆಂಡತಿಗೆ ಹೇಳಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಿಂದಿನ ವಾರ ನಾಲ್ಕು ವರ್ಷದ ಮಗಳು ನನ್ನ ಹೆಗಲ ಮೇಲೆ ನಿಂತು, ಹಾರುತ್ತೇನೆ, ಹಿಡಿ ಎಂದಿದ್ದಳು. ನಾನು ಹೆದರಿ ಅವಳನ್ನು ಕೆಳಗಿಳಿಸಿಬಿಟ್ಟಿದ್ದೆ. ಅಂದಿನಿಂದ ಶಾಲೆಯ ದಿನಗಳ ಗೆಳತಿ ಕಸ್ತೂರಿ ಮನಸ್ಸಿನಿಂದ ಹೋಗಿರಲಿಲ್ಲ. ಅವಳೀಗ ಎಲ್ಲಿದ್ದಾಳೆಂಬುದು ಮಾತ್ರ ಗೊತ್ತಿರಲಿಲ್ಲ.

ನಾನು ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದವನು. ಗದಗಿನ ಶಾಲೆಗೆ ಸೇರಿದಾಗ ನನಗೆ ಹನ್ನೆರಡು. ಅಲ್ಲಿ ವಿಮಲಾ ಟೀಚರ್ ಎಂಬ ದೈಹಿಕ ಶಿಕ್ಷಕಿ ಪುಣೆಯ ಶಿಬಿರವೊಂದರಲ್ಲಿ ಕಲಿತು ಬಂದು ಚಿಯರ್‌ಲೀಡಿಂಗ್ ತಂಡ ಕಟ್ಟಿದರು. ಕ್ರಿಕೆಟ್ ಮೈದಾನದ ಅಂಚಿನಲ್ಲಿ ಕುಣಿಯುವುದಲ್ಲ ಅದು. ಎರಡೂವರೆ ನಿಮಿಷದಲ್ಲಿ ಲಾಗ ಹಾಕಿ, ಪಿರಮಿಡ್ ಕಟ್ಟಿ, ಹುಡುಗಿಯರನ್ನು ಮೇಲಕ್ಕೆತ್ತಿ, ಎಸೆದು, ಹಿಡಿಯಬೇಕು. ಹನ್ನೆರಡು ಹುಡುಗಿಯರು, ನಾಲ್ಕು ಹುಡುಗರು. ಕೆಳಗೆ ನಿಂತು ಎತ್ತುವವನು ನಾನು. ಮನೆಯಲ್ಲಿ ಖೋ ಖೋ ಆಡುತ್ತೇನೆಂದು ಹೇಳಿದ್ದೆ. ಓಣಿಗೆ ಹೇಗೋ ಗೊತ್ತಾಗಿ ನನಗೆ ರವಿಬಾಯಿ ಎಂಬ ಹೆಸರು ಬಿತ್ತು. ನೀರಿನ ನಲ್ಲಿಯ ಬಳಿ ಹಾದರೆ ಸೊಂಟ ಕುಣಿಸಿ ತೋರಿಸುತ್ತಿದ್ದರು. ಆದರೂ ಐದು ವರ್ಷ ಬಿಡಲಿಲ್ಲ. ಕಸ್ತೂರಿ ನನ್ನ ಅಂಗೈ ಮೇಲೆ ಕಾಲಿಟ್ಟು ಎದ್ದು ನಿಂತಾಗ ಆಗುತ್ತಿದ್ದ ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿಂದು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ನಲವತ್ತು ಕಿಲೋಮೀಟರ್ ದಾರಿ, ಒಂದೂಕಾಲು ಗಂಟೆ. ಹತ್ತಿ ಬಿಡಿಸುವವರು ಹೊಲದ ತುಂಬ ಇದ್ದರು. ಕಣಗಳಲ್ಲಿ ಮೆಣಸಿನಕಾಯಿ ಒಣಗುತ್ತಿತ್ತು. ಕಿಟಕಿ ಮುಚ್ಚಿದರೂ ಘಾಟು ಬಂದು ಹಿಂದಿನ ಸೀಟಿನ ಅಜ್ಜಿ ಗದಗಿನಿಂದ ಲಕ್ಷ್ಮೇಶ್ವರದವರೆಗೂ ಸೀನಿದಳು.

ಮಹಾಂತೇಶ ಮೋಟರ್‌ಸೈಕಲ್ ತಂದು ಕಾಯುತ್ತಿದ್ದ. ತಂಡದಲ್ಲಿ ಕಸ್ತೂರಿಯ ಒಂದು ಕಾಲಿಗೆ ನಾನು, ಇನ್ನೊಂದಕ್ಕೆ ಅವನು. ಈಗ ಪಕ್ಕದ ಹಳ್ಳಿ ಅಡರಕಟ್ಟಿಯಲ್ಲಿ ಒಕ್ಕಲುತನ ಮಾಡುತ್ತಾನೆ. ಅವನ ಮನೆಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಊರಿನ ಶಾಲೆಯ ಹುಡುಗರಿಗೆ ಆಗಸ್ಟ್ ಹದಿನೈದಕ್ಕೆ ಪಿರಮಿಡ್ ಕಲಿಸುವವನು ತಾನೇ ಎಂದ.

“ಎಲ್ಲಿ ಕಲತಿ ಅಂತ ಕೇಳತಾರ. ಚಿಯರ್‌ಲೀಡರ್ ಇದ್ನಿ ಅಂತೀನಿ. ನಗತಾರ. ನಗಲಿ ಬಿಡು.”

ನಾನು ಯಾರಿಗೂ ಆ ಮಾತು ಹೇಳಿರಲಿಲ್ಲ, ಹೆಂಡತಿಗೂ. ಕಸ್ತೂರಿ ಮುಂಡರಗಿಯಲ್ಲಿ ಹೊಲಿಗೆ ತರಬೇತಿ ನಡೆಸುತ್ತಾಳೆಂದು ಅವನೇ ಹೇಳಿ ವಿಳಾಸ ಬರೆದುಕೊಟ್ಟ. ಆಮೇಲೆ ತಾಟು ಸರಿಸುತ್ತ, “ಪಾಪ, ಅವತ್ತು ಆಕಿ ಗಡಿಬಿಡಿ ಮಾಡಿದ್ಲು. ಇಲ್ಲಾಂದ್ರ ನಾವು ಗೆಲ್ಲತಿದ್ವಿ” ಎಂದ. ಅದು ನಾನು ಹುಟ್ಟಿಸಿದ ಮಾತು. ಹದಿನಾಲ್ಕು ವರ್ಷದ ಮೇಲೂ ಅವನ ಬಾಯಲ್ಲಿ ಅದೇ ಇತ್ತು. ನಾನು ನೀರು ಕುಡಿದು ಎದ್ದೆ.

ನಡೆದದ್ದು ಹೀಗೆ. ದಾವಣಗೆರೆಯಲ್ಲಿ ರಾಜ್ಯಮಟ್ಟದ ಸ್ಪರ್ಧೆ. ಕಡೆಯ ಎಸೆತಕ್ಕೆ ಕಸ್ತೂರಿ ಮೇಲೆ ನಿಂತಿದ್ದಳು. ಏಳನೆಯ ಎಣಿಕೆಗೆ ಹಾರಬೇಕು, ಎಂಟಕ್ಕೆ ನಾವು ಹಿಡಿಯಬೇಕು. ಎಣಿಕೆ ಅವರವರ ಮನಸ್ಸಿನಲ್ಲೇ ನಡೆಯುತ್ತಿತ್ತು. ಮೇಲಿರುವವಳ ಮೇಲಿಂದ ಕಣ್ಣು ತೆಗೆಯಬಾರದೆಂಬುದು ಟೀಚರ್ ಕಲಿಸಿದ ಮೊದಲ ಪಾಠ. ಆರು ಎನ್ನುವಾಗ ಗ್ಯಾಲರಿಯಿಂದ ‘ಏ ರವಿಬಾಯಿ’ ಎಂಬ ಕೂಗು ಕೇಳಿತು. ನಮ್ಮ ಓಣಿಯ ಮೂವರು ಅಲ್ಲಿಗೂ ಬಂದಿದ್ದರು. ನಾನು ತಿರುಗಿ ನೋಡಿದೆ. ಮಹಾಂತೇಶ ನಿಯಮದಂತೆ ಮೇಲೆಯೇ ನೋಡುತ್ತಿದ್ದುದರಿಂದ ಅವನಿಗೆ ಇದು ಗೊತ್ತಾಗಲಿಲ್ಲ. ಕಸ್ತೂರಿ ಸರಿಯಾಗಿ ಏಳಕ್ಕೇ ಹಾರಿದಳು. ನನ್ನ ಕೈ ಜಾಗದಲ್ಲಿರಲಿಲ್ಲ. ಅವಳು ನನ್ನ ಬದಿಗೇ ಬಿದ್ದಳು. ಎಡ ಮೊಣಕೈ ಮುರಿಯಿತು. ಏನಾಯಿತೆಂದು ಟೀಚರ್ ಓಡಿ ಬಂದು ಕೇಳಿದಾಗ, “ಆಕಿ ಆರಕ್ಕ ಹಾರಿದ್ಲು” ಎಂದುಬಿಟ್ಟೆ. ತಂಡ ಮುಂದೆ ಒಂದು ದಿನವೂ ಸೇರಲಿಲ್ಲ.

ಸಂಜೆಗೆ ಮುಂಚೆ ಶಿರಹಟ್ಟಿಗೆ ಬಂದೆ. ನಿವೃತ್ತಿಯಾದ ಮೇಲೆ ವಿಮಲಾ ಟೀಚರ್ ಅಲ್ಲಿ ತಮ್ಮನ ಮನೆಯ ಮಗ್ಗುಲಲ್ಲೇ ಇದ್ದಾರೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೇರವಾಗಿತ್ತು. ಗುರುತು ಹಿಡಿದು, ಕುಂಡ್ರು ಎಂದು ತಾವೇ ಚಹಾ ಮಾಡಿ ತಂದರು. ಆ ಸ್ಪರ್ಧೆಯ ಮೇಲೆ ಅವರು ಯಾರಿಗೂ ಚಿಯರ್‌ಲೀಡಿಂಗ್ ಕಲಿಸಿರಲಿಲ್ಲ. ತಯಾರಿಲ್ಲದ ಹುಡುಗಿಯನ್ನು ಪದಕದ ಆಸೆಗೆ ಮೇಲೆ ಹತ್ತಿಸಿದೆ, ಅದು ನನ್ನದೇ ತಪ್ಪು ಎಂದು ನಿಧಾನವಾಗಿ ಹೇಳಿದರು. ಕಡೆಗೆ ನನ್ನ ಮುಖ ನೋಡಿ, “ನೀ ಒಬ್ಬಾವ ಇದ್ದದ್ದು ಇದ್ದಂಗ ಹೇಳಿದಿ. ಅದನ್ನ ನಾ ಮರ್ತಿಲ್ಲ” ಎಂದರು.

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿರಲಿಲ್ಲ. ನಾನು ಹೇಳಲಿಲ್ಲ. ಮೊದಲು ಕಸ್ತೂರಿಗೆ ಹೇಳಬೇಕು ಎಂದು ನನಗೆ ನಾನೇ ನೆಪ ಕೊಟ್ಟುಕೊಂಡು, ಲಾಡ್ಜಿಗೆ ಹೋಗಿ ಮಲಗಿದೆ.

ಮರುದಿನ ಏಳೂವರೆಯ ಬಸ್ಸು. ಕಪ್ಪತಗುಡ್ಡದ ಸಾಲು ಜೊತೆಗೇ ಬಂದಿತು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹಾದಿಯಲ್ಲಿ ಹತ್ತಿದ ಹೆಂಗಸೊಬ್ಬಳು ಹಸಿ ಕಡಲೆಯ ಹೊರೆ ಕಾಲಬುಡದಲ್ಲಿಟ್ಟು, ನನ್ನ ಕೈಗೂ ಒಂದು ಕಟ್ಟು ಕೊಟ್ಟಳು. ಮುಂಡರಗಿ ಬರುವ ತನಕ ಸುಲಿದು ತಿಂದೆ. ರುಚಿ ಹತ್ತಲಿಲ್ಲ.

ಕಸ್ತೂರಿಯ ಅಂಗಡಿ ಹಳೆಯ ಪೇಟೆಯಲ್ಲಿ ಒಂದು ಮಹಡಿಯ ಮೇಲಿತ್ತು. ನಾಲ್ಕು ಹೊಲಿಗೆ ಯಂತ್ರ. ಇಬ್ಬರು ಹುಡುಗಿಯರು ರವಿಕೆ ಕತ್ತರಿಸುವುದನ್ನು ಕಲಿಯುತ್ತಿದ್ದರು. ಅವಳು ನನ್ನನ್ನು ಕಂಡೊಡನೆ ಗುರುತಿಸಿದಳು. ಕುರ್ಚಿ ಎಳೆದು ಕೊಡುವಾಗ ಎಡಗೈ ಪೂರ್ತಿ ನೆಟ್ಟಗಾಗದಿದ್ದುದನ್ನು ನೋಡಿದೆ. ಹುಡುಗಿಯರನ್ನು ಚಹಾ ತರಲು ಕಳಿಸಿದಳು. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ನಾನು ಎಲ್ಲವನ್ನೂ ಹೇಳಿ ಮುಗಿಸಿದ್ದೆ. ಅಷ್ಟು ವರ್ಷ ಹೊತ್ತ ಮಾತಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

“ಗೊತ್ತೈತಿ,” ಎಂದಳು ಕಸ್ತೂರಿ. “ಮ್ಯಾಲಿದ್ದಾಕಿ ನಾನು. ನಿನ್ನ ಮಾರಿ ಗ್ಯಾಲರಿ ಕಡೆ ಇದ್ದದ್ದು ಕಂಡಿತ್ತು. ಅಷ್ಟೊತ್ತಿಗೆ ಕಾಲು ಬಿಟ್ಟಾಗಿತ್ತು.”

ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ನಿ. ದವಾಖಾನಿಯೊಳಗ ಟೀಚರ್‌ಗೆ ಹೇಳಿದ್ನಿ. ರವಿ ಸುಳ್ಳು ಹೇಳೋ ಹುಡುಗ ಅಲ್ಲ, ನಿನ್ನ ತಪ್ಪು ಅವನ ಮ್ಯಾಲೆ ಹಾಕಬ್ಯಾಡ ಅಂದ್ರು. ನಮ್ಮಪ್ಪ ಅಲ್ಲೇ ನಿಂತಿದ್ದ. ಮನಿಗೆ ಬಂದ ಮ್ಯಾಲೆ ನನ್ನ ಆಟ ಎಲ್ಲಾ ಬಂದ್ ಮಾಡಿಸಿದ. ಬಿದ್ದಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕ.”

ಅವಳ ದನಿ ಏರಲಿಲ್ಲ. ನೀನು ಬರುತ್ತೀ ಎಂದು ಒಂದು ವಾರ ಬಾಗಿಲು ನೋಡಿದೆ, ಆಮೇಲೆ ಬಿಟ್ಟೆ ಎಂದಳು. ಓಣಿಯವರು ನಿನಗೆ ಏನೇನು ಅನ್ನುತ್ತಿದ್ದರೆಂಬುದೂ ನನಗೆ ಗೊತ್ತಿತ್ತು, ನೀನು ಬಂದು ಹೇಳಿದ್ದರೆ ಅವತ್ತೇ ಮಾಫ್ ಮಾಡುತ್ತಿದ್ದೆ ಎಂದಳು. ಈಗ ಮಾಡುತ್ತೀಯಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವಳೇ ಅದನ್ನು ಕಂಡುಕೊಂಡಿರಬೇಕು.

“ನನಗ ಹೇಳಾಕ ಇಷ್ಟು ದೂರ ಬಂದಿ. ನನಗ ಗೊತ್ತಿದ್ದ ಮಾತು ಅದು. ಗೊತ್ತಿಲ್ಲದವರಿಗೆ ಹೋಗಿ ಹೇಳು.”

ಹುಡುಗಿಯರು ಚಹಾ ತಂದರು. ಕುಡಿದೆವು. ಅವಳು ಮಕ್ಕಳಿದ್ದಾರೆಯೇ ಎಂದು ಕೇಳಿ, ಮಗಳ ಹೆಸರೂ ಕೇಳಿದಳು, ಹೇಳಿದೆ. ನಾನು ಅವಳ ಫೋನ್ ನಂಬರು ಕೇಳಿದಾಗ, ಟೀಚರ್‌ಗೆ ಕೊಡುವುದಕ್ಕಾದರೆ ಬರೆದುಕೋ ಎಂದಳು.

ಗದಗಿಗೆ ನೇರ ಬಸ್ಸು ನಿಂತಿತ್ತು. ಅದನ್ನು ಬಿಟ್ಟು ಮತ್ತೆ ಶಿರಹಟ್ಟಿಯ ಬಸ್ಸು ಹತ್ತಿದೆ. ಮಧ್ಯಾಹ್ನದ ಬಿಸಿಲು, ಬಸ್ಸು ಖಾಲಿ. ಟೀಚರ್ ಊಟ ಮುಗಿಸಿ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದರು. ಈ ಸಲ ಕೂರಲಿಲ್ಲ. ಹೊಸ್ತಿಲಲ್ಲಿ ನಿಂತೇ ಹೇಳಿದೆ, ಕಸ್ತೂರಿ ಹೇಳಿದ್ದನ್ನೂ ಸೇರಿಸಿ.

ಅವರು ಬೈಯಲಿಲ್ಲ. ಮೊರದಲ್ಲಿದ್ದ ಕೈ ಅಲ್ಲೇ ನಿಂತಿತು. ಕಾಳು ಬದಿಗೆ ಸರಿಸಿ, “ದವಾಖಾನಿಯೊಳಗ ಆಕಿ ಅತ್ತಿರಲಿಲ್ಲ. ನಾ ಆ ಮಾತು ಅಂದಮ್ಯಾಲೆ ಅತ್ಲು” ಎಂದರು. ನಂತರ ನಂಬರು ಇದೆಯೇ ಎಂದು ಕೇಳಿ, ಚೀಟಿ ಇಸಿದುಕೊಂಡು, ಕನ್ನಡಕ ಹುಡುಕಿ, ಒಂದೊಂದೇ ಅಂಕಿ ಒತ್ತಿದರು.

“ಕಸ್ತೂರಿ, ನಾನವ್ವಾ, ವಿಮಲಾ ಟೀಚರ್. ಅವತ್ತು ನೀ ಹೇಳಿದ್ದು ಖರೆ ಇತ್ತು.”

ಫೋನ್ ಕಿವಿಗೊತ್ತಿಕೊಂಡು ಕೇಳುತ್ತಲೇ ಇದ್ದರು. ನನಗೆ ಹೋಗು ಎಂದು ಕೈಸನ್ನೆ ಮಾಡಿದರು. ನಾನು ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದ ಕಡೆ ನಡೆದೆ. ಓಣಿಯ ತಿರುವಿನಲ್ಲಿ ಹೊರಳಿ ನೋಡಿದಾಗ ಟೀಚರ್ ಬಾಗಿಲಿಗೆ ಬಂದು, ಚೌಕಟ್ಟಿಗೆ ಒರಗಿ ನಿಂತಿದ್ದರು. ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಅವರು ನನ್ನ ಕಡೆ ನೋಡಲಿಲ್ಲ.