ಮದುವೆ ವಿಡಿಯೋ ಕಂಪ್ಯೂಟರಿನಲ್ಲಿ ಕಣಗಳ ಲೆಕ್ಕ

ಗೆಳೆಯರೇ, ಇವತ್ತು ಗೆದ್ದೆ. ಅದೂ ಕೊಟ್ಟೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ.

ನನ್ನ ಪಿಎಚ್‌ಡಿ ಕೆಲಸವೆಂದರೆ, ಕಣಗಳನ್ನು ಹಿಡಿದು ಅಳೆಯುವ ಡಿಟೆಕ್ಟರಿನೊಳಗೆ ನುಗ್ಗಿದ ಕಣಗಳು ಹೇಗೆ ಚದುರುತ್ತವೆ ಎಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡುವುದು. ಆ ಲೆಕ್ಕದ ಪ್ರೋಗ್ರಾಮನ್ನು ಗ್ರಾಫಿಕ್ಸ್ ಕಾರ್ಡಿಗೆ ಒಗ್ಗುವಂತೆ ಹೊಸದಾಗಿ ಬರೆದಿದ್ದೆ. "ಉತ್ತರ ಹಳೆಯ ಪ್ರೋಗ್ರಾಮಿನದಕ್ಕೆ ಹೊಂದದಿದ್ದರೆ ಈ ಅಧ್ಯಾಯ ಬಿಟ್ಟುಬಿಡಿ" ಎಂದಿದ್ದರು ಗೈಡ್. ಅಂಥ ಕಾರ್ಡ್ ಇದ್ದದ್ದು ಮದುವೆ ವಿಡಿಯೋ ಮಾಡುವ ಕೊಟ್ರೇಶಣ್ಣನ ಹತ್ತಿರ.

ಶುರು ಮಾಡಿ ಐದು ನಿಮಿಷವಾಗಿರಲಿಲ್ಲ, ಮದುಮಗಳೊಬ್ಬಳ ತಾಯಿ ಮದುವೆ ವಿಡಿಯೋ ಕೇಳಿಕೊಂಡು ಬಂದರು.

"ಬಂದ್ ಮಾಡವ್ವ, ಗಿರಾಕಿ ಬಂದಾರ" ಎಂದ ಕೊಟ್ರೇಶಣ್ಣ.

"ಹತ್ತು ನಿಮಿಷ ತಡಿಯಣ್ಣ. ಮನ್ಯಾಗ ಇದಕ್ಕ ಎರಡು ದಿನ ಬೇಕು" ಎಂದೆ.

ಆ ತಾಯಿ ಪರದೆ ನೋಡಿ, "ಏನವ್ವ ಇದು?" ಎಂದರು.

"ಸಾವಿರ ರೊಟ್ಟಿ ಒಬ್ಬಾಕಿನ ಬಡಿದ್ರ ಎಷ್ಟೊತ್ತಾಗತೈತ್ರಿ? ಸಾವಿರ ಮಂದಿ ಒಂದೊಂದು ಬಡಿದ್ರ?"

"ಒಂದು ರೊಟ್ಟಿ ಬಡಿಯೋ ಹೊತ್ತು, ಅಷ್ಟ."

"ಈ ಕಾರ್ಡ್‌ನಾಗ ಹಂಗ ಸಾವಿರಾರು ಕಣದ ಲೆಕ್ಕ ಒಮ್ಮೆಲೆ ನಡೀತೈತ್ರಿ."

ಹನ್ನೊಂದನೇ ನಿಮಿಷಕ್ಕೆ ಮುಗಿಯಿತು. ಹೊಸ ಗ್ರಾಫನ್ನು ಹಳೆಯದರ ಮೇಲಿಟ್ಟೆ. ಎರಡು ಗೆರೆಗಳೂ ಒಂದರ ಮೇಲೊಂದು ಕೂತವು. ಗೈಡ್‌ಗೆ ಕಳಿಸಿದೆ. "ಅಧ್ಯಾಯ ಇರಲಿ" ಎಂದು ಉತ್ತರ ಬಂತು.

ಆ ತಾಯಿ ನನ್ನ ಬೆನ್ನು ತಟ್ಟಿ, ಕೊಟ್ರೇಶಣ್ಣನ ಕಡೆ ತಿರುಗಿದರು. "ಎರಡು ದಿನದ ಕೆಲಸ ಈ ಹುಡುಗಿ ಹನ್ನೊಂದು ನಿಮಿಷದಾಗ ಮುಗಿಸ್ಯಾಳ. ಇದ ಮಷೀನ್ ಇಟ್ಕೊಂಡು ನಮ್ಮ ಮಗಳ ಮದುವಿ ವಿಡಿಯೋ ಮೂರು ತಿಂಗಳಿಂದ ಏನ್ ಮಾಡಾಕತ್ತೀರಿ?"

ಕೊಟ್ರೇಶಣ್ಣ ನನ್ನನ್ನು ದುರುಗುಟ್ಟಿ ನೋಡಿದ ರೀತಿಗೆ, ಮುಂದಿನ ಅಧ್ಯಾಯಕ್ಕೆ ಹತ್ತಿರದ ಊರು ಹಡಗಲಿಯಲ್ಲಿ ಬೇರೆ ಸ್ಟುಡಿಯೋ ಹುಡುಕಬೇಕು.